ನಾಲ್ಕನೆಯ ಎಲೆ

"ಇನ್ನೊಂದು ಎಲೆ ಎಲ್ಲಮ್ಮಿ?"

ಚೆಲುವರಾಜು ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ನಡುಮನೆಯ ಹೊಸ್ತಿಲಿಗೆ ಬಂದು ನಿಂತಿದ್ದ. ಗೋಡೆಯುದ್ದಕ್ಕೆ ಮೂರು ಬಾಳೆಲೆ ಹಾಸಿತ್ತು. ಅಜ್ಜನ ಎಲೆಗೆ ಒಂದು ಕಟ್ಟು ಬೀಡಿ, ಅಜ್ಜಿಯ ಎಲೆಗೆ ಅಡಿಕೆ, ಕಡ್ಡಿಪುಡಿ, ಕುಡಿದೇ ಸತ್ತ ದೊಡ್ಡಪ್ಪನ ಎಲೆಗೆ ಒಂದು ಕ್ವಾರ್ಟರ್ ಬಾಟಲಿ. ಮಹಾಲಯ ಅಮಾವಾಸ್ಯೆಯಲ್ಲಿ ಸತ್ತವರಿಗೆ ಅವರವರು ಆಸೆಪಟ್ಟು ತಿಂದದ್ದನ್ನೇ ಎಡೆ ಇಡಬೇಕು.

"ಈ ಮನೇಲಿ ಸತ್ತಿರೋರು ಮೂರೇ ಜನ ಅಲ್ವ ಅಪ್ಪ," ಅಂದಳು ಮಗಳು ಅನುಶ್ರೀ, ತಲೆಯೆತ್ತದೆ. ಕೋಳಿಸಾರು ತಿರುವುವಾಗ ಬೆರಳು ಸುಟ್ಟಿತ್ತು. ಬೆಳಗಿನ ಜಾವ ಎದ್ದು, ಮಗುವನ್ನು ಗಂಡನಿಗೆ ಒಪ್ಪಿಸಿ, ಗಾರ್ಮೆಂಟ್ಸಿನ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ರಜೆ ಪಡೆದು, ಮೈಸೂರಿನಿಂದ ಬಿಳಿಕೆರೆಗೆ ಬಸ್ಸು, ಅಲ್ಲಿಂದ ಊರಿಗೆ ಆಟೊ. ಬಂದಾಗಿನಿಂದ ಒಲೆಯ ಮುಂದೆಯೇ ಇದ್ದಳು.

ಅಡುಗೆಮನೆಯಿಂದ ಸೋದರತ್ತೆ ಸಣ್ಣತಾಯಮ್ಮ ಇಣುಕಿದಳು. ಅನುಶ್ರೀಯನ್ನು ನಾಲ್ಕು ವರ್ಷದ ಕೂಸಿನಿಂದ ಸಾಕಿದವಳು ಅವಳೇ.

"ವರ್ಸ ವರ್ಸ ನಾಕು ಎಲೆ ಆಕ್ತಿರ್ನಿಲ್ವ? ದಿಕ್ಕು ದೆಸೆ ಇಲ್ದೋರ್ಗೂ ಒಂದು ಎಡೆ ಇಕ್ತಾನೆ ನಿಮ್ಮಪ್ಪ. ಊರಲ್ಲಿ ಯಾರ್ಗದೆ ಇಂಥ ಬುದ್ಧಿ? ಸುಮ್ಕೆ ಆಕು, ಒತ್ತಾಯ್ತದೆ."

ಅನುಶ್ರೀ ಕದಲಲಿಲ್ಲ.

ಬೇಸಿಗೆಯಲ್ಲಿ ಊರ ಹತ್ತಿರ ಹೆದ್ದಾರಿಯ ಪಕ್ಕದ ಹಾಳುಬಾವಿಯೊಂದನ್ನು ಮುಚ್ಚಲು ಹೋದ ಜೆಸಿಬಿಗೆ ಮೂಳೆಗಳು ಸಿಕ್ಕಿದ್ದವು. 'ಅಪರಿಚಿತ ಮಹಿಳೆ, ವಯಸ್ಸು ಇಪ್ಪತ್ತರಿಂದ ಇಪ್ಪತ್ತೈದು, ಬೆಳ್ಳಿಯ ಕಾಲುಂಗುರ, ಹಸಿರು ಗಾಜಿನ ಬಳೆಚೂರು' ಎಂದು ಪೇಪರಿನಲ್ಲಿ ನಾಲ್ಕು ಸಾಲು. ಬಸ್ಸಿನಲ್ಲಿ ನಿಂತೇ ಅದನ್ನು ಓದಿದ ಅನುಶ್ರೀ, ಅವ್ವ ಹೋದಾಗಿನ ವಯಸ್ಸೂ ಅಷ್ಟೇ ಎಂದು ಹೊಳೆದು, ಮುಂದಿನ ಸ್ಟಾಪಿನಲ್ಲಿ ಇಳಿದು ಠಾಣೆಗೆ ಹೋಗಿದ್ದಳು. ಯಾರಿಗೂ ಹೇಳದೆ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟಿದ್ದಳು. ನಿನ್ನೆ ಸಂಜೆ ಸಬ್‌ಇನ್‌ಸ್ಪೆಕ್ಟರ್ ಯತೀಶ್ ಫೋನ್ ಮಾಡಿದ.

"ತಾಳೆ ಆಯ್ತಮ್ಮ. ನಿಮ್ಮ ತಾಯೀನೇ, ಪ್ರೇಮಮ್ಮ."

ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ್ದ: "ಆದ್ರೆ ಇಪ್ಪತ್ತಾರು ವರ್ಷ ಆಗಿದೆ. ಹಳೇ ಫೈಲಲ್ಲಿ ಇರೋದು ಒಂದೇ ಹಾಳೆ. ಹೆಂಡತಿ ಯಾವನೋ ಲಾರಿಯವನ ಜೊತೆ ಓಡಿಹೋದ್ಲು ಅಂತ ನಿಮ್ಮ ತಂದೆ ಬರೆಸಿದ್ದು. ಲಾರಿಯವನ ಹೆಸರೂ ಇಲ್ಲ, ಊರೂ ಇಲ್ಲ. ಅವರು ಸತ್ತಿರೋದು ಆಗಲೇ ಯಾರಿಗಾದ್ರೂ ಗೊತ್ತಿತ್ತು ಅನ್ನೋಕೆ ಏನಾದ್ರೂ ಸಿಗಬೇಕು. ಇಲ್ಲ ಅಂದ್ರೆ ಆರೋಪಿ ಪತ್ತೆಯಿಲ್ಲ ಅಂತ ಮುಚ್ಚಬೇಕಾಗುತ್ತೆ. ನಾಳೆ ಮಧ್ಯಾಹ್ನ ಊರಿಗೆ ಬಂದು ನಿಮ್ಮ ತಂದೇನ ಕೇಳ್ತೀನಿ."

ಹಾಳೆ ಬರೆದುಕೊಂಡ ಅಂದಿನವರು ಆ ಲಾರಿಯವನ ಹೆಸರೇನೆಂದು ಒಂದು ಮಾತು ಕೇಳಲಿಲ್ಲ. ಊರಿನ ಜನವೂ ಕೇಳಲಿಲ್ಲ. ಓಡಿಹೋದವಳ ಮಗಳು ಎಂದು ಮಾತ್ರ ಇವಳನ್ನು ಕರೆಯಿತು, ಸ್ಕೂಲಿನಲ್ಲಿ, ನಲ್ಲಿಯ ಹತ್ತಿರ, ಹೆಣ್ಣು ನೋಡಲು ಬಂದ ಮೂರು ಮನೆಯವರು ತಿಂಡಿ ತಿಂದು ಎದ್ದುಹೋದಾಗ. ಅನುಶ್ರೀಯೂ ಅದನ್ನು ನಂಬಿದ್ದಳು. ಹೆರಿಗೆ ನೋವಿನಲ್ಲಿ ಪಕ್ಕದ ಮಂಚದವಳು ಅವ್ವಾ ಅವ್ವಾ ಎಂದು ಕೂಗುತ್ತಿದ್ದರೆ, ಇವಳು ಹಲ್ಲು ಕಚ್ಚಿ ಆ ಮಾತು ಹೊರಗೆ ಬರದಂತೆ ತಡೆದಿದ್ದಳು. ಅಷ್ಟೂ ವರ್ಷ ಅವ್ವ ಊರಿಂದ ಎರಡು ಮೈಲಿ ಆಚೆ ಬಾವಿಯ ಕೆಸರಿನಲ್ಲಿದ್ದಳು. ಇಪ್ಪತ್ಮೂರರಲ್ಲೇ ನಿಂತವಳು. ಈಗ ಮಗಳಿಗಿಂತ ಏಳು ವರ್ಷ ಚಿಕ್ಕವಳು.

"ನೀನು ಆಕ್ದಿದ್ರೆ ಬುಡು," ಎಂದು ಚೆಲುವರಾಜು ತಾನೇ ಎಲೆಯೊಂದನ್ನು ತಂದು, ಉಳಿದ ಮೂರಕ್ಕೆ ದೂರವಾಗಿ, ಬಾಗಿಲ ಮೂಲೆಯಲ್ಲಿ ಹಾಸಿದ. ಅನ್ನ, ಸಾರು, ವಡೆ ಬಡಿಸಿದ. ಗೂಟಕ್ಕೆ ನೇತುಹಾಕಿದ್ದ ಕವರಿನಿಂದ ಒಂದು ಮಾರು ಕನಕಾಂಬರ ತೆಗೆದು ಎಲೆಯ ತುದಿಗಿಟ್ಟ. ಆಮೇಲೆ ಪೇಪರಿನ ಪೊಟ್ಟಣ ಬಿಚ್ಚಿ ಗುಲಾಬಿ ಬಣ್ಣದ ಕೊಬ್ಬರಿ ಮಿಠಾಯಿ ಎರಡು ತುಂಡು ಇಟ್ಟ.

ಅನುಶ್ರೀ ನೋಡುತ್ತಲೇ ಇದ್ದಳು. ವರ್ಷಾವರ್ಷ ಇದನ್ನು ನೋಡಿದ್ದಳು.

"ಅತ್ತೆ," ಎಂದು ಕರೆದಳು. "ನಮ್ಮವ್ವ ಎಂಗೆ ಓಡೋದ್ಲು? ಇನ್ನೊಂದ್ಸಾರಿ ಯೋಳು."

"ಅಬ್ಬದ್ ದಿನ ಆ ಬೇವರ್ಸಿ ಮಾತ್ಯಾಕೆ ತೆಗೀತೀಯೆ?"

"ಯೋಳು. ಚಿಕ್ಕೋಳಿದ್ದಾಗ ಕೇಳ್ದೆ ಇದ್ರೂ ದಿನಾ ಯೋಳ್ತಿದ್ದೆ."

"ಯೋಳೋದೇನದೆ?" ಸಣ್ಣತಾಯಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಮೈತುಂಬ ಸೋಕಿ. ದಿನಾ ತಲೆ ತುಂಬ ಕನಕಾಂಬ್ರ ಮುಡ್ಕಬೇಕು. ಕೊಬ್ರಿ ಮಿಠಾಯಿ ಅಂದ್ರೆ ಪ್ರಾಣ ಬುಡೋಳು, ಅದ್ಕೇ ಅಂತ ಬಿಳಿಕೆರೆ ತಂಕ ನಡ್ಕಂಡ್ ಓಗೋಳು. ಅಲ್ಲೇ ಆ ಲಾರಿಯೋನು..."

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಮೂಲೆಯ ಎಲೆಯ ಮೇಲಿತ್ತು.

"ಆ ಎಲೆ ಯಾರ್ದು ಅಪ್ಪ?" ಅನುಶ್ರೀ ಕೇಳಿದಳು.

"ಯೋಳ್ನಿಲ್ವ? ಗುರ್ತಿಲ್ದೋರ್ದು."

"ಗುರ್ತಿಲ್ದೋರ್ಗೆ ಕೊಬ್ರಿ ಮಿಠಾಯಿ ಇಷ್ಟ ಅಂತ ನಿಂಗ್ಯಾರು ಯೋಳುದ್ರು?"

ಚೆಲುವರಾಜು ಹೆಗಲ ಮೇಲಿನ ಟವೆಲಿನಿಂದ ಒಣಗಿದ್ದ ಮುಖವನ್ನೇ ಮತ್ತೆ ಒರೆಸಿಕೊಂಡ. "ಏನೋ ಅಂಗಡೀಲಿ ಕಣ್ಗೆ ಬಿತ್ತು, ತಂದೆ. ನಿಂಗೇನ್ ಬಂದದೆ ಇವತ್ತು? ಗಂಡ ಏನಾದ್ರೂ ತಲೆ ಕೆಡುಸವ್ನ?"

"ನಾನು ಒಂದ್ನೇ ಕ್ಲಾಸಿಗೆ ಸೇರಿದ್ ವರ್ಸ ಈ ಮಿಠಾಯಿ ಬೇಕು ಅಂತ ಕೈ ಆಕ್ದೆ. ಕೈ ಮೇಲೆ ಬಾರ್‌ಸ್ದೆ ನೀನು. ಸತ್ತೋರ್ದು ಮುಟ್ಬೇಡ ಅಂದೆ. ಅವ್ಳು ಓಗಿ ಎಲ್ಡು ವರ್ಸ ಆಗಿತ್ತು ಆಗ." ಅವಳ ದನಿ ಏರಲಿಲ್ಲ. "ಊರ್ಗೆಲ್ಲ ಅವ್ಳು ಬದ್ಕಿದ್ಲು. ಲಾರಿಯೋನ್ ಜತೆ ಮಜ ಮಾಡ್ಕಂಡಿದ್ಲು. ನಿನ್ಗೊಬ್ನಿಗೇ ಸತ್ತಿದ್ಲು."

"ಬಾಯ್ಮುಚ್ಚು!"

"ಇಪ್ಪತ್ತಾರು ವರ್ಸ ಮುಚ್ಚಿದ್ದೆ. ಬಾವೀಲಿ ಸಿಕ್ಕಿದ್ದು ಅವ್ವನೇಯ. ನನ್ ರಕ್ತ ಕೂಡ್ತು."

ಸಾರು ಉಕ್ಕಿ ಒಲೆಗೆ ಬಿದ್ದು ಚುರ್ರೆಂದಿತು. ಸಣ್ಣತಾಯಮ್ಮ ಅತ್ತ ತಿರುಗಲಿಲ್ಲ.

"ಲೋ ಚೆಲುವ," ಅಂದಳು. "ಎದ್ರಿಕಂಡು ಇಕ್ತಿದ್ದ ಎಡೇನ್ಲಾ ಇದು? ನನ್ ಬಾಯಲ್ಲಿ ಆ ಎಣ್ಣಿಗೆ ಎಷ್ಟು ಬೈಸ್ಬುಟ್ಟೆಲ್ಲೋ."

ಚೆಲುವರಾಜು ಥಟ್ಟನೆ ಬಗ್ಗಿ ಮೂಲೆಯ ಎಲೆಯನ್ನು ಮಡಿಸಲು ಕೈ ಹಾಕಿದ. ಸಣ್ಣತಾಯಮ್ಮ ಸೌಟನ್ನು ಅವನ ಮಣಿಕಟ್ಟಿಗೆ ಅಡ್ಡ ಇಟ್ಟಳು.

"ಇಕ್ಕಿದ್ ಎಡೆ ತೆಗೀಬಾರ್ದು. ಅವ್ಳು ಉಣ್ಲಿ."

ಆ ಕುಲದ ಮನೆಗಳಲ್ಲಿ ಯಾರೂ ಮೀರದ ಮಾತು ಅದು. ಅವನ ಕೈ ಹಾಗೇ ಹಿಂದಕ್ಕೆ ಬಂತು.

ಅನುಶ್ರೀ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಧೂಪವನ್ನು ಮೂರು ಎಲೆಗೆ ತೋರಿಸಿ, ನಾಲ್ಕನೆಯದರ ಮುಂದೆ ಮಂಡಿಯೂರಿದಳು. ಎಲೆಯನ್ನು ಮೂಲೆಯಿಂದ ಮೆಲ್ಲಗೆ ಎಳೆದು ಉಳಿದವುಗಳ ಸಾಲಿಗೆ ತಂದಳು. ಸತ್ತವರು ಬಂದು ಉಣ್ಣುವಾಗ ಬದುಕಿರುವವರು ಒಳಗಿರಬಾರದು. ಮೂವರೂ ಜಗುಲಿಗೆ ಬಂದರು. ಬಾಗಿಲೆಳೆದು ಚಿಲಕ ಹಾಕಿದ್ದು ಅವಳೇ.

ಬೀದಿಯ ತಿರುವಿನಲ್ಲಿ ಜೀಪು ಕಾಣಿಸಿತು. ಯತೀಶ್ ಇಳಿದು, ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಚೆಲುವರಾಜು, "ಬನ್ನಿ ಸಾರ್, ಬನ್ನಿ, ಅಬ್ಬದ್ ದಿನ ಬಂದಿದೀರಿ," ಎಂದು ಎರಡೂ ಕೈ ಜೋಡಿಸಿದ.

"ನೀವು ಕೇಳಿದ್ದು ಒಳಗದೆ ಸಾರ್," ಅಂದಳು ಅನುಶ್ರೀ. "ಎಲೆ ಮೇಲದೆ. ನಮ್ಮಪ್ಪ ಅವ್ವನ ಎಡೆ ವರ್ಷ ವರ್ಷ ಇಟ್ಟಿದಾರೆ, ನಾನು ನೋಡಿದೀನಿ, ನಮ್ಮತ್ತೆ ನೋಡವ್ರೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಯತೀಶ್ ಬಾಗಿಲ ಕಡೆ ಹೆಜ್ಜೆ ಇಟ್ಟ. ಅವಳು ಚಿಲಕದ ಮೇಲೆ ಕೈಯಿಟ್ಟಳು.

"ಒಂದ್ ಗಳಿಗೆ ತಡೀರಿ. ಅವ್ವ ಉಣ್ತಾವ್ಳೆ."

ಅವನು ನಿಂತ. ಸಣ್ಣತಾಯಮ್ಮ ತಮ್ಮನ ಪಕ್ಕದಿಂದ ಸರಿದು ಬಂದು ಅನುಶ್ರೀಯ ಬಳಿ ಗೋಡೆಗೊರಗಿದಳು. ಬಾಗಿಲಡಿಯ ಸಂದಿನಿಂದ ಸಾಂಬ್ರಾಣಿಯ ಹೊಗೆ ತೆಳ್ಳಗೆ ಹೊರಬಂದು, ಜಗುಲಿಯ ಮೇಲೆ ಹರಿದು, ಚೆಲುವರಾಜುವಿನ ಬರಿಗಾಲನ್ನು ಸುತ್ತಿಕೊಂಡಿತು. ಅವನು ಕಾಲು ಹಿಂದಕ್ಕೆಳೆದುಕೊಂಡ.