ಬೇಡ ಅನ್ನಬಾರದ ಅರ್ಧ ಗಂಟೆ

ಬ್ಯಾಂಕಿನ ಕೌಂಟರಿನಲ್ಲಿ ಕುಳಿತಷ್ಟು ಕಾಲ ನನ್ನ ಗಂಡನ ಹೆಗ್ಗಳಿಕೆ ಒಂದೇ: ಗಿರಾಕಿ ಬಾಯಿ ತೆರೆಯುವ ಮೊದಲೇ ಉತ್ತರ ಕೊಡುವುದು. ಬಂದವರ ಕೈ ನೋಡಿದರೆ ಸಾಕು, ಚೆಕ್ಕೋ ಪಾಸ್‌ಬುಕ್ಕೋ ಕಳೆದುಹೋದ ಕಾರ್ಡೋ ಎಂದು ಅವರಿಗೆ ತಿಳಿದುಬಿಡುತ್ತಿತ್ತು. ಎಂಥ ಸಾಲಿದ್ದರೂ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಕರಗುತ್ತಿತ್ತು. ಆ ಚಾಳಿಯನ್ನು ಮನೆಗೂ ತಂದರು ನೋಡಿ, ಅಲ್ಲಿ ಶುರುವಾಯಿತು ನನ್ನ ಕರ್ಮ. ನಾನು 'ರೀ, ಒಂದು ಹೊಸ...' ಅನ್ನುವಷ್ಟರಲ್ಲಿ 'ಬೇಡ' ಎಂದು ಬಂದು ಬೀಳುತ್ತಿತ್ತು. ಹೊಸದು ಏನು ಅಂತಲಾದರೂ ಕೇಳಬಾರದೇ!

ಅಂಥವರನ್ನು ಬ್ಯಾಂಕಿನವರು ಮೇಲಿನ ಮಹಡಿಗೆ ಆರಿಸಿದರು. ಅದು ವೆಲ್ತ್ ಮ್ಯಾನೇಜ್‌ಮೆಂಟ್ ವಿಭಾಗ, ಅಂದರೆ ದುಡ್ಡಿದ್ದವರ ದುಡ್ಡನ್ನು ಎಲ್ಲಿ ಹೂಡಬೇಕು ಎಂದು ನೋಡಿಕೊಳ್ಳುವ ಜಾಗ. ಅಲ್ಲಿ ಕೌಂಟರಿನ ಗಾಜಿಲ್ಲ, ಸಾಲಿಲ್ಲ, ಟೋಕನ್ ಇಲ್ಲ. ಹೆಜ್ಜೆ ಇಟ್ಟರೆ ಸದ್ದೇ ಆಗದ ಕಾರ್ಪೆಟ್ಟು, ಕೂತರೆ ಏಳಲು ಕಷ್ಟಪಡಿಸುವ ಸೋಫಾ. ಇವರು ಹೊಸ ಕೋಟು ಹೊಲಿಸಿಕೊಂಡರು. ಅತ್ತೆಯಂತೂ ಬ್ಯಾಂಕನ್ನೇ ಮಗನ ಹೆಸರಿಗೆ ಬರೆದುಕೊಟ್ಟಿದ್ದಾರೆ ಎಂಬಂತೆ ಬೀದಿಯಲ್ಲೆಲ್ಲ ಡಂಗುರ ಸಾರಿಕೊಂಡು ಬಂದರು.

ಇದ್ದದ್ದು ಒಂದೇ ತೊಡಕು. ಸೋಮವಾರ ಕೊನೆಯ ಪರೀಕ್ಷೆ. ಶ್ರೀಮಂತ ಗಿರಾಕಿಯಂತೆ ನಟಿಸುವ ಒಬ್ಬರ ಎದುರು ಅರ್ಧ ಗಂಟೆ ಕೂತು ಬರೀ ಪ್ರಶ್ನೆ ಕೇಳಬೇಕು. ನಡುವೆ ಬಾಯಿ ಹಾಕಬಾರದು, ಸಲಹೆ ಕೊಡಬಾರದು, ಬೇಡ ಎಂಬ ಮಾತಂತೂ ಬರಲೇಬಾರದು. ಎಡವಿದರೆ ಮತ್ತೆ ಗಾಜಿನ ಹಿಂದಕ್ಕೆ. ತರಬೇತಿ ಕೊಡುವ ಮೇಡಂ, ಭಾನುವಾರ ಮನೆಯವರ ಮೇಲೆ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದರಂತೆ.

ಇದನ್ನು ಕೇಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರ್ಧ ಗಂಟೆ! ನನ್ನ ಗಂಡ ಅರ್ಧ ಗಂಟೆ ನನಗೆ ಬೇಡ ಅನ್ನುವಂತಿಲ್ಲ!

ನಾನು ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು. ಅಳತೆ, ನೆರಿಗೆ, ಕೊಕ್ಕೆ, ಏಣಿ ಹತ್ತಿ ತೂಗುಹಾಕುವುದು, ಎಲ್ಲ ನಾನೇ. ಊಟದ ಮೇಜೇ ನನ್ನ ಕಾರ್ಖಾನೆಯಾದ್ದರಿಂದ ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಮೂಲೆಯ ಔಷಧಿ ಅಂಗಡಿಯ ಪಕ್ಕದ ಮಳಿಗೆ ಆ ವಾರ ಖಾಲಿಯಾಗಿತ್ತು. ಔಷಧಿ ಅಂಗಡಿಯವನೇ ಅದರ ಮಾಲೀಕ. 'ಭಾನುವಾರ ಸಂಜೆ ಒಳಗೆ ಹೇಳಿಬಿಡಿ ಅಕ್ಕಾ, ಇಲ್ಲಾಂದ್ರೆ ಚಪ್ಪಲಿ ಅಂಗಡಿಯವರು ಕಾಯ್ತಿದಾರೆ' ಅಂದಿದ್ದ. ಆ ಮಳಿಗೆ ಹಿಡಿಯುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಎತ್ತಿದರೆ ಏನು ಬರುತ್ತದೆ ಎಂದು ಗೊತ್ತಿತ್ತಲ್ಲ.

ಭಾನುವಾರ ಮಧ್ಯಾಹ್ನ ಇವರು ಮೇಲೆ ಕೋಟು, ಕೆಳಗೆ ಪೈಜಾಮ ಹಾಕಿಕೊಂಡು ಕೂತರು. ಅತ್ತೆ ಮೊಬೈಲಿನಲ್ಲಿ ಅಲಾರಂ ಇಟ್ಟು ತೀರ್ಪುಗಾರರಾದರು.

'ಬನ್ನಿ ಮೇಡಂ, ಕೂತ್ಕೊಳ್ಳಿ. ನಿಮ್ಮ ಬಗ್ಗೆ ಸ್ವಲ್ಪ ಹೇಳ್ತೀರಾ?'

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಪ್ರಶ್ನೆ! ನನಗೆ ಒಳಗಿನಿಂದ ನಗು ಉಕ್ಕಿ ಬಂತು.

'ಪರದೆ ಹೊಲೀತೀನಿ ಸರ್. ಮೂಲೇಲಿ ಒಂದು ಅಂಗಡಿ ಹಿಡೀಬೇಕು ಅಂತಿದೀನಿ.'

'ಬೇ...' ಎಂದರು. ಅತ್ತೆ ಜೋರಾಗಿ ಕೆಮ್ಮಿದರು. 'ಬೇ... ಬೇರೆ ಏನಾದ್ರೂ ಆಸೆ ಇದೆಯಾ ಮೇಡಂ?'

'ಇಲ್ಲ ಸರ್. ಇದೊಂದೇ.'

ಇವರು ಕೋಟಿನ ಕಾಲರು ಎಳೆದುಕೊಂಡರು. 'ಅಂಗಡಿಗೆ ಬಾಡಿಗೆ ಅಂತ ಒಂದಿರುತ್ತೆ, ತಮಗೆ ಗೊತ್ತಿದೆಯಾ?'

'ಗೊತ್ತಿದೆ ಸರ್.'

'ಗಿರಾಕಿ ಬರ್ಲಿಲ್ಲ ಅಂದ್ರೆ?'

'ಕಿಟಕಿ ಇಲ್ಲದ ಮನೆ ನೋಡಿದೀರಾ ಸರ್ ನೀವು?'

'ಪ್ರಶ್ನೆ ನಾನು ಕೇಳ್ಬೇಕು ಕಣೇ!'

'ಕೇಳಿ ಸರ್. ಯಾರು ಬೇಡ ಅಂದ್ರು?'

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಇವರು ಕೋಟಿನ ಗುಂಡಿ ಬಿಚ್ಚಿದರು, ಹಾಕಿದರು. ಆಮೇಲೆ ಗೆದ್ದವರ ಮುಖ ಮಾಡಿಕೊಂಡು, 'ತಮ್ಮ ಯಜಮಾನರು ಇದಕ್ಕೆ ಒಪ್ಪಿದಾರಾ?' ಎಂದರು. ಎಂಥ ಕಳ್ಳ ಪ್ರಶ್ನೆ!

'ಅವರಿಗಿನ್ನೂ ಹೇಳಿಲ್ಲ ಸರ್. ಸ್ವಲ್ಪ ಅವಸರದ ಮನುಷ್ಯ.'

'ಸ್ವಲ್ಪ ಅಲ್ಲ,' ಎಂದರು ಅತ್ತೆ.

ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇವರ ಬಳಿ 'ಬೇಡ'ಕ್ಕೆ ತೊಡಿಸುವ ವೇಷಗಳೆಲ್ಲ ಮುಗಿದವು. ಕೊನೆಗೆ ತರಬೇತಿಯ ಮೇಡಂ ಹೇಳಿಕೊಟ್ಟ ಪ್ರಶ್ನೆಗೇ ಶರಣಾದರು. ಅದನ್ನು ಕೇಳಿದ ಮೇಲೆ ಎಷ್ಟು ಹೊತ್ತಾದರೂ ಸರಿ, ತುಟಿ ಬಿಚ್ಚದೆ ಕಾಯಬೇಕಂತೆ.

'ಇದರಲ್ಲಿ ನಿಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಯಾವುದು ಮೇಡಂ?'

ಏನೋ ಕೀಟಲೆ ಮಾಡೋಣ ಎಂದು ಬಾಯಿ ತೆರೆದೆ. ಇವರು ಸುಮ್ಮನೆ ಕೂತಿದ್ದರು. ನನ್ನನ್ನೇ ನೋಡುತ್ತ, ನಿಜವಾಗಿಯೂ ಕಾಯುತ್ತ. ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಕೀಟಲೆ ಬರಲಿಲ್ಲ.

'ನೀವು ಬೇಡ ಅಂತೀರಿ ಅನ್ನೋ ಭಯ ಅಲ್ಲ,' ಎಂದೆ. 'ನೀವು ಬೇಡ ಅಂದಾಗೆಲ್ಲ ನನಗೆ ಒಳಗೊಳಗೇ ಹಾಯ್ ಅನ್ಸುತ್ತೆ. ಮಾಡಿ ಸೋಲೋದು ತಪ್ಪಿತಲ್ಲ ಅಂತ. ಬೈಸ್ಕೊಳ್ಳೋಕೆ ನೀವು ಇರ್ತೀರಿ, ನಾನು ಆರಾಮಾಗಿರ್ತೀನಿ. ಹಿಂಗೇ ಮುದುಕಿ ಆಗ್ಬಿಡ್ತೀನೇನೋ ಅಂತ ಭಯ.'

ಇದು ನನ್ನೊಳಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ತುಂಬ ನಾಚಿಕೆಯಾಯಿತು. ಅತ್ತೆಯ ನಗು ನಿಂತಿತ್ತು. ಅಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು.

ಇವರ ಮುಖ ಮೆತ್ತಗಾಗಿತ್ತು. ಮುಂದಕ್ಕೆ ಬಾಗಿ, 'ಆಯ್ತು ಕಣೇ, ನೀನು...' ಎಂದು ಶುರುಮಾಡಿದರು.

'ಹೇಳ್ಬೇಡಿ!' ನಾನು ಎದ್ದೇ ನಿಂತೆ. 'ಬೇಡ ಅನ್ನೋದೂ ಬೇಡ, ಆಯ್ತು ಅನ್ನೋದೂ ಬೇಡ. ಈಗ ಆಯ್ತು ಅಂದ್ರೆ ನಾಳೆ ಸೋತಾಗ ಅದನ್ನೂ ನಿಮ್ಮ ತಲೆಗೇ ಕಟ್ತೀನಿ.'

ಅತ್ತೆಯ ಕೈಯಿಂದ ಮೊಬೈಲು ಕಸಿದು ಔಷಧಿ ಅಂಗಡಿಗೆ ಫೋನ್ ಮಾಡಿದೆ. 'ಮಳಿಗೆ ನನಗೇ ಇರಲಿ. ಬೆಳಿಗ್ಗೆ ಬಂದು ಬೀಗದ ಕೈ ಇಸ್ಕೋತೀನಿ' ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟೆ. ಹೊಲಿಯದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಹುಚ್ಚಿಯಂತೆ ನಕ್ಕೆ.

ಇವರು ಕೋಟಿನಲ್ಲೇ ಬಂದು ಆ ರಾಶಿಯ ಮೇಲೆ ಪಕ್ಕದಲ್ಲಿ ಕೂತರು.

'ಹೆದರಿಕೆ ಆಗ್ತಿದೆಯಾ?' ಎಂದರು. ಇದು ಮೇಡಂ ಕಲಿಸಿದ್ದಲ್ಲ.

'ಸಿಕ್ಕಾಪಟ್ಟೆ.'

'ನನಗೂ ಕಣೇ. ಕೆಳಗೆ ಕೌಂಟರಿನಲ್ಲಿ ಕೂತಿದ್ದಾಗ ಯಾರು ಏನು ಕೇಳಿದ್ರೂ ಉತ್ತರ ಗೊತ್ತಿತ್ತು. ಮೇಲೆ ಹೋದ್ರೆ ನನಗೆ ಒಂದೂ ಗೊತ್ತಿಲ್ಲ.'

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ನಾನು ಅವರ ತೋಳು ಹಿಡಿದುಕೊಂಡೆ. ಯಾರು ಮೊದಲು ನಕ್ಕರೋ ನೆನಪಿಲ್ಲ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.