ಹೊಗೆ ನೋಡುವ ಕೆಲಸ

ಅಪ್ಪನ ಸ್ಟಾಪ್‌ವಾಚಿನ ದಾರವನ್ನು ಕೌಸಲ್ಯಾ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಳು. ಅವರು ಹಾಗೇ ಮಾಡುತ್ತಿದ್ದರು. ಅಪ್ಪ ರಘುನಾಥರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಭೌತಶಾಸ್ತ್ರ ಕಲಿಸಲು ಮೈಸೂರಿನಿಂದ ಬನಾರಸಿಗೆ ಬಂದು ಇಲ್ಲೇ ನೆಲೆ ನಿಂತವರು. ಮೂವತ್ತೊಂದು ವರ್ಷ ಊರಿನ ಶಾಲಾ ಕ್ರೀಡಾಕೂಟಗಳಲ್ಲಿ ಓಟದ ಸಮಯ ಹಿಡಿದವರು. ಈ ಸಲ ಆ ಕೆಲಸಕ್ಕೆ ಸಂಘಟಕರು ಅವರ ಮಗಳನ್ನೇ ಕರೆದಿದ್ದರು. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ನಾಲ್ಕನೇ ಲೇನು. ಅದರಲ್ಲಿ ಓಡುವವಳು ಅವಳ ಮಗಳು, ಹದಿಮೂರರ ಅದಿತಿ.

ನೂರು ಮೀಟರನ್ನು ಹದಿನಾಲ್ಕು ಪಾಯಿಂಟ್ ಎರಡು ಸೆಕೆಂಡಿನೊಳಗೆ ಮುಗಿಸಿದವರಿಗಷ್ಟೇ ರಾಜ್ಯಮಟ್ಟಕ್ಕೆ ದಾರಿ. ಅದಿತಿ ಅದಕ್ಕಾಗಿ ವರ್ಷವಿಡೀ ಓಡಿದ್ದಳು. ತಾತ ತಮ್ಮ ಕೊನೆಯ ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡು, ಕುರ್ಚಿಯಲ್ಲಿ ಕೂತೇ ಅವಳನ್ನು ಓಡಿಸಿದ್ದರು.

ಕೌಸಲ್ಯಾ ಓಡುತ್ತಿದ್ದ ಕಾಲದಲ್ಲೂ ಅಷ್ಟೆ. ಪಂದ್ಯದ ಬೆಳಿಗ್ಗೆ ಅಪ್ಪನೇ ಅವಳ ಜಡೆ ಹೆಣೆದು, ಶೂ ದಾರಕ್ಕೆ ಎರಡು ಗಂಟು ಹಾಕಿ ಕಳಿಸುತ್ತಿದ್ದರು. ಗೆದ್ದರೂ ಸೋತರೂ ಸಂಜೆ ಕೇದಾರ ಘಾಟ್‌ನಲ್ಲಿ ದೋಸೆ. ಆದರೆ ಹೇಗೆ ಓಡಿದೆ ಎಂದು ಕೇಳಿದರೆ, ನೋಡಲಿಲ್ಲವಮ್ಮ ಎನ್ನುತ್ತಿದ್ದರು. ಮತ್ತೇನು ನೋಡಿದಿರಿ ಎಂದರೆ, ಹೊಗೆ. ಇದನ್ನವಳು ಎಷ್ಟೋ ಸಲ ನಗೆಚಾಟಿಕೆಯಾಗಿ ಹೇಳಿದ್ದುಂಟು. ಹೇಳುವಾಗೆಲ್ಲ ಒಳಗೆಲ್ಲೋ ಮುಳ್ಳು ಆಡುತ್ತಿತ್ತು.

ಕಾರಣ ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳೂ ವಿಜ್ಞಾನ ಓದಿದವಳು. ಓಟ ಶುರುಮಾಡುವ ಗುಂಡಿನ ಸದ್ದು ನೂರು ಮೀಟರ್ ದಾಟಿ ಕೊನೆಯ ಗೆರೆಗೆ ಬರಲು ಹೆಚ್ಚುಕಡಿಮೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಬೇಕು. ಸದ್ದಿಗೆ ಒತ್ತಿದರೆ ವಾಚು ಅಷ್ಟು ತಡವಾಗಿ ಶುರುವಾಗಿ, ಓಟದ ಸಮಯ ಅಷ್ಟು ಕಡಿಮೆ ಬೀಳುತ್ತದೆ. ಹೊಗೆಯಾದರೆ ಆ ಕ್ಷಣವೇ ಕಾಣುತ್ತದೆ. ಅದಕ್ಕೇ ಪಿಸ್ತೂಲಿನ ಹಿಂದೆ ಕಪ್ಪು ಹಲಗೆ ನಿಲ್ಲಿಸುತ್ತಾರೆ.

"ತಯಾರ್" ಎಂಬ ಕೂಗು ಬಂತು. ಅದಿತಿ ಸೊಂಟ ಎತ್ತಿದಳು. ಅವಳ ಎಡ ಭುಜ ಸಣ್ಣಗೆ ನಡುಗಿದ್ದು ಅಷ್ಟು ದೂರದಿಂದಲೂ ಕೌಸಲ್ಯಾಗೆ ಕಂಡಿತು. ಕಣ್ಣು ಅಲ್ಲೇ ಅಂಟಿತು. ಸದ್ದು ಕೇಳಿತು, ಹೆಬ್ಬೆರಳು ಒತ್ತಿತು.

ಅದಿತಿ ಎಲ್ಲರಿಗಿಂತ ಮುಂದೆ ಗೆರೆ ದಾಟಿದಳು. ವಾಚಿನಲ್ಲಿ ಹದಿನಾಲ್ಕು ಪಾಯಿಂಟ್ ಒಂದು.

ಮುಖ್ಯ ಅಧಿಕಾರಿ ತ್ರಿಭುವನ್ ಸಿಂಗ್ ಪೆನ್ನು ಹಿಡಿದು ಬಂದರು. ಅಪ್ಪನ ಹಳೆಯ ಗೆಳೆಯ. ಪ್ರೊಫೆಸರ್ ಸಾಹೇಬರ ವಾಚು ಇವತ್ತಿನವರೆಗೆ ಸುಳ್ಳಾಡಿದ್ದಿಲ್ಲ ಬಿಟಿಯಾ ಎಂದು ನಕ್ಕು, ಕೈ ಚಾಚಿದರು. ಆಚೆ ಅದಿತಿ ಮೊಣಕಾಲಿಗೆ ಕೈಯೂರಿ, ಏದುಸಿರು ಬಿಡುತ್ತ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ವಾಚು ಸರಿಯಾಗಿದೆ, ಚಾಚಾ," ಎಂದಳು ಕೌಸಲ್ಯಾ. "ನಾನು ಸದ್ದಿಗೆ ಒತ್ತಿದೆ. ಹೊಗೆ ನೋಡಲಿಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆ ಲೇನಿಗೆ ಬೇರೆ ಯಾರೂ ಸಮಯ ಹಿಡಿದಿರಲಿಲ್ಲ. ಅರ್ಧ ಗಂಟೆ ಬಿಟ್ಟು ಹುಡುಗಿ ಒಬ್ಬಳೇ ಇನ್ನೊಮ್ಮೆ ಓಡಲಿ ಎಂದರು.

"ಫಿರ್ ಸೇ ಓಡ್ಬೇಕಾ?" ಅದಿತಿ ಹತ್ತಿರ ಬಂದಳು. "ನೀನು ಏನ್ ನೋಡ್ತಿದ್ದೆ ಅಮ್ಮ?"

"ನಿನ್ನನ್ನ."

"ತಾತ ಆಗಿದ್ರೆ ನೋಡ್ತಿರ್ಲಿಲ್ಲ."

ಎರಡನೇ ಸಲ ಕೌಸಲ್ಯಾ ಕಪ್ಪು ಹಲಗೆಯ ಮೇಲೆ ದೃಷ್ಟಿ ನೆಟ್ಟಳು. ಕಣ್ಣಂಚಿನಲ್ಲಿ ನೀಲಿ ಚುಕ್ಕೆಯೊಂದು ಬಗ್ಗಿ ಕೂತಿತ್ತು. ಅದು ತನ್ನ ಮಗು. ಕತ್ತಿನ ನರಗಳೆಲ್ಲ ಅತ್ತ ಎಳೆಯುತ್ತಿದ್ದವು. ಹತ್ತಿಯೆಳೆಯಷ್ಟು ಬಿಳಿ ಮೂಡಿತು, ಒತ್ತಿದಳು. ಓಡಿಬರುವವರನ್ನು ನೋಡುತ್ತಿದ್ದರೆ ಬೆರಳು ಅವಸರ ಮಾಡುತ್ತದೆ ಎನ್ನುತ್ತಿದ್ದರು ಅಪ್ಪ. ಅದಕ್ಕೆ ಗೆರೆಯನ್ನೇ ನೋಡುತ್ತ ನಿಂತಳು. ಹೆಜ್ಜೆ ಸದ್ದು ಹತ್ತಿರವಾಯಿತು. ಒಂದು ಎದೆ, ಅದರ ಮೇಲೊಂದು ನಂಬರು, ಗೆರೆ ದಾಟಿತು.

ಹದಿನಾಲ್ಕು ಪಾಯಿಂಟ್ ನಾಲ್ಕು.

ಕೌಸಲ್ಯಾ ಅಲ್ಲೇ ನಿಂತಳು. ಒಂದೇ ಒಂದು ಓಟಕ್ಕೆ ಅವಳ ಮೈ ಬೆವರಿತ್ತು. ತಾನು, ತಮ್ಮ ಸುಧನ್ವ, ಆಮೇಲೆ ಅದಿತಿ. ಅಪ್ಪ ಎಷ್ಟು ಓಟಗಳಿಗೆ ಹೀಗೆ ನಿಂತಿರಬಹುದು? ಮನೆಯಲ್ಲಿ ಮಕ್ಕಳು ಸೀನಿದರೂ ಎದ್ದು ಬರುತ್ತಿದ್ದ ಮನುಷ್ಯ. ಸೆಕೆಂಡಿನ ಹತ್ತರಲ್ಲಿ ಮೂರು ಭಾಗದ ಲೆಕ್ಕ ಅವಳಿಗೆ ಶಾಲೆಯಿಂದಲೇ ಗೊತ್ತಿತ್ತು. ಅದರ ಭಾರ ಗೊತ್ತಾದದ್ದು ಈಗ.

ಹಾಗಾದರೆ, ಓಡುವಾಗ ನಿನ್ನ ಎಡ ಮೊಣಕೈ ಹೊರಗೆ ಹೋಗುತ್ತದೆ ಎಂದು ಅಪ್ಪ ತಿದ್ದುತ್ತಿದ್ದರಲ್ಲ, ಅದು ಅವರಿಗೆ ತಿಳಿದದ್ದು ಹೇಗೆ? ಆಗ ನೆನಪಾಯಿತು. ಅಭ್ಯಾಸದ ಮುಂಜಾವುಗಳಲ್ಲಿ ಅಪ್ಪ ಯಾವತ್ತೂ ವಾಚು ತಂದಿರಲಿಲ್ಲ. ಬರಿಗೈಯಲ್ಲಿ ಪಕ್ಕದಲ್ಲೇ ಓಡುತ್ತ, ಅವಳನ್ನೇ ನೋಡುತ್ತಿದ್ದರು.

ಸಂಜೆ ಕೇದಾರ ಘಾಟ್‌ನಲ್ಲಿ ಅದಿತಿ ತಟ್ಟೆಯಿಂದ ತಲೆ ಎತ್ತದೆ ಎರಡು ದೋಸೆ ತಿಂದಳು. ಮೂರನೆಯದನ್ನು ತಾನೇ ಕೇಳಿದಳು.

ಮರುದಿನ ಬೆಳಿಗ್ಗೆ ಮೈದಾನದ ಮೇಲೆ ಮಂಜು ಕವಿದಿತ್ತು. ವಾಚ್ ಎಲ್ಲಿ ಎಂದಳು ಅದಿತಿ.

"ಮನೇಲಿದೆ. ನೀನು ಓಡು."

ಅದಿತಿ ಓಡಿದಳು. ಕೌಸಲ್ಯಾ ಪಕ್ಕದಲ್ಲೇ ಓಡುತ್ತ ನೋಡಿದಳು. ಹುಡುಗಿಯ ಎಡ ಮೊಣಕೈ ಹೊರಗೆ ಹೋಗುತ್ತಿತ್ತು.