ಅಣ್ಣನ ಪಾಲಿನ ಹಾಲು

ನನ್ನಣ್ಣ ಶಿವಯೋಗಪ್ಪನ ಮನೆಯ ನಡುಮನೆಯಲ್ಲಿ, ದೇವರ ಫೋಟೋಗಳಿಗಿಂತ ಒಂದು ಗೇಣು ಎತ್ತರದಲ್ಲಿ, ಒಂದು ಗ್ರೂಪ್ ಫೋಟೋ ತೂಗುಹಾಕಿದ್ದಾರೆ. ಹಿಂದೆ ಹಿಮದ ಗುಡ್ಡ, ಮುಂದೆ ಸೇನೆಯ ಲಾರಿಗಳ ಸಾಲು, ನಡುವೆ ಮೀಸೆ ತಿರುವಿದ ಸುಬೇದಾರ್ ಶಿವಯೋಗಪ್ಪ, ಅವನ ಕೈಯಲ್ಲಿ ಬೆಳ್ಳಿ ಬಣ್ಣದ ದೊಡ್ಡ ಟ್ರೋಫಿ. ವರ್ಷವಿಡೀ ಒಂದೂ ಅಪಘಾತ ಮಾಡದ ತುಕಡಿಗೆ ಕೊಟ್ಟದ್ದಂತೆ. ದಾವಣಗೆರೆಯ ವಿದ್ಯಾನಗರದ ಆ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಟ್ರೋಫಿಯ ಕಥೆ ಬರುತ್ತದೆ. ನಾನೂ ಬೇಕಾದಷ್ಟು ಸಲ ಕೇಳಿದ್ದೇನೆ, ಹೆಮ್ಮೆಯಿಂದಲೇ ಕೇಳಿದ್ದೇನೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಫೋಟೋದ ಎಡತುದಿಯಲ್ಲಿ ಒಬ್ಬ ಡ್ರೈವರ್ ನಿಂತಿದ್ದಾನೆ. ಅವನ ಅಕ್ಕಪಕ್ಕದ ಇಬ್ಬರು ಅವನಿಗೆ ಭುಜಕ್ಕೆ ಭುಜ ಒತ್ತಿಕೊಂಡಿದ್ದಾರೆ. ಎಂಥ ಸ್ನೇಹ ನೋಡು ಎಂದುಕೊಂಡಿದ್ದೆ. ಅವನು ಕುಸಿದು ಬೀಳದಂತೆ ಅವರಿಬ್ಬರು ಎತ್ತಿ ಹಿಡಿದಿದ್ದರು ಎಂಬುದು ನನಗೆ ತಿಳಿದದ್ದು ಈ ವರ್ಷ. ಆ ಡ್ರೈವರ್ ಹರಿಹರದ ಇಮಾಮ್ ಸಾಬ್.

ನನ್ನ ಹೆಸರು ಕಸ್ತೂರಮ್ಮ. ನನ್ನ ಗಂಡನೂ ಸೈನ್ಯದಲ್ಲಿದ್ದವರೇ. ಅವರು ಹೋದ ಮೇಲೆ ನನ್ನ ಪಿಂಚಣಿಗಾಗಿ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು, ಎಲ್ಲಿ ಯಾರಿಗೆ ಯಾವ ಮಾತು ಹೇಳಿದರೆ ಫೈಲು ಕದಲುತ್ತದೆ ಎಂದು ಕಲಿತೆ. ಆಮೇಲೆ ಒಬ್ಬರಿಗೆ ಮಾಡಿಕೊಟ್ಟೆ, ಅವರು ಇನ್ನೊಬ್ಬರನ್ನು ಕಳಿಸಿದರು. ಈಗ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯ ಪಡಸಾಲೆಯಲ್ಲಿ ವಾರಕ್ಕೆ ನಾಲ್ಕು ಜನವಾದರೂ ನಿವೃತ್ತ ಸೈನಿಕರು ಕೂತಿರುತ್ತಾರೆ. ಕೆಲಸದಲ್ಲಿದ್ದಾಗ ಆದ ಗಾಯಕ್ಕೆ ಅಂಗವೈಕಲ್ಯದ ಪಿಂಚಣಿ ಅಂತ ಒಂದಿದೆ. ಕೊಡಬೇಕಾದವರು ಸುಲಭಕ್ಕೆ ಕೊಡುವುದಿಲ್ಲ, ಕೇಳಬೇಕಾದವರು ಬಾಯಿಬಿಟ್ಟು ಕೇಳುವುದಿಲ್ಲ. ಹೇಗಿದ್ದೀರಿ ಎಂದರೆ ಸಾಕು, ಎದೆ ಸೆಟೆಸಿ ‘ಥೀಕ್ ಹೈ’ ಎನ್ನುತ್ತಾರೆ. ಮೊಣಕಾಲು ಸವೆದು ಹೋದವನೂ ಥೀಕ್ ಹೈ, ಕಿವಿ ಸತ್ತವನೂ ಥೀಕ್ ಹೈ. ನನ್ನ ಗಂಡನೂ ಎದೆ ಹಿಡಿದುಕೊಂಡು ಅದೇ ಮಾತು ಹೇಳುತ್ತ ಹೋದರು. ಆ ಎರಡು ಶಬ್ದ ಕೇಳಿದರೆ ನನಗೆ ಆಗದು.

ಇಮಾಮ್ ಸಾಬ್ ನನ್ನ ಪಡಸಾಲೆಗೆ ಬಂದಾಗ ಕೂರಲಿಲ್ಲ. ಕೂಡ್ರಿ ಅಂದೆ, ಇರ್ಲಿ ಅಕ್ಕಾರೆ ಅಂದರು. ಹತ್ತು ನಿಮಿಷ ಕೂತರೆ ಬೆನ್ನಿನಿಂದ ಎಡಗಾಲಿನ ತುದಿಯವರೆಗೆ ಬೆಂಕಿ ಹರಿಯುತ್ತದೆಂದು ಅವರ ಹೆಂಡತಿ ರಹೀಮುನ್ನೀಸಾ ಹೇಳಿದಳು. ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಆಟೋ, ಬೈಕುಗಳ ಸೀಟ್ ಕವರ್ ಅಂಗಡಿ. ಎತ್ತರದ ಟೇಬಲ್ಲಿನ ಮುಂದೆ ನಿಂತು ಅವರು ರೆಕ್ಸಿನ್ ಕತ್ತರಿಸುತ್ತಾರೆ, ಆಕೆ ಮಷೀನಿನ ಮೇಲೆ ಹೊಲಿಯುತ್ತಾಳೆ. ಊರಿಗೆಲ್ಲ ಕೂರಲು ಸೀಟು ಮಾಡಿಕೊಡುವವರು ತಾವು ಕೂತು ಒಂದು ತುತ್ತು ಉಣ್ಣಲಾರರು.

ಅವರ ಅರ್ಜಿಯನ್ನು ತಳ್ಳಿಹಾಕಿದ್ದರು. ಬೆನ್ನು ಹೋಗಿರುವುದು ನಿಜ, ಆದರೆ ಸೇನೆಯ ಕೆಲಸದಿಂದ ಹೋದದ್ದಲ್ಲ, ಅಪಘಾತವಾದ ದಾಖಲೆಯೇ ಇಲ್ಲ ಎಂದು. ಅದರ ಮೇಲೆ ಮನವಿ ಹಾಕಲು ಒಂದೇ ಒಂದು ದಾರಿ ಉಳಿದಿತ್ತು. ಅಪಘಾತವನ್ನು ಕಣ್ಣಾರೆ ಕಂಡ ಮೇಲಿನವರೊಬ್ಬರು ಹೌದು, ಆಯಿತು ಎಂದು ಪ್ರಮಾಣ ಮಾಡಿ ಹೇಳಬೇಕು.

“ಯಾರಿದ್ರು ಆವತ್ತು?” ಅಂದೆ.

“ಯಾರೂ ಇರ್ಲಿಲ್ಲ ಅಕ್ಕಾರೆ,” ಅಂದರು ಇಮಾಮ್ ಸಾಬ್, ನನ್ನ ತಲೆಯ ಮೇಲಿನ ಗೋಡೆ ನೋಡುತ್ತ.

“ಸುಳ್ಳು!” ರಹೀಮುನ್ನೀಸಾ ಸೆರಗನ್ನು ತಲೆಯ ಮೇಲೆ ಜೋರಾಗಿ ಎಳೆದುಕೊಂಡಳು. “ನಿಮ್ಮಣ್ಣಾರೇ ಇದ್ರು ಅಕ್ಕಾ. ಶಿವಯೋಗಪ್ಪ ಸಾಬ್ರು. ಗಾಡಿ ಕೆಳಗಿಂದ ಇವ್ರನ್ನ ಎಳೆದಿದ್ದೇ ಅವ್ರು.”

“ರಹೀಮಾ, ಬಾಯ್ಮುಚ್ಚು,” ಅಂದರು ಇಮಾಮ್ ಸಾಬ್. ಬೈದದ್ದೂ ಮೆತ್ತಗೆ. ನಾನು ಚಹಾದ ಲೋಟ ಕೆಳಗಿಟ್ಟು, ಎಲ್ಲಾ ಹೇಳು ಎಂದು ರಹೀಮುನ್ನೀಸಾಳಿಗೆ ಅಂದೆ.

ಆಗಿದ್ದಿಷ್ಟು. ವರ್ಷ ಮುಗಿಯಲು ಕೆಲವೇ ವಾರಗಳಿದ್ದವು. ಹಿಮದ ದಾರಿಯಲ್ಲಿ ಲಾರಿ ಜಾರಿ ಮಗುಚಿತು. ಇಮಾಮ್ ಸಾಬ್ ಒಳಗೆ ಸಿಕ್ಕಿಕೊಂಡರು. ಎಳೆದು ತೆಗೆದ ಮೇಲೆ ನನ್ನಣ್ಣ ಅವರ ಪಕ್ಕದಲ್ಲಿ ಕೂತು, ಇದನ್ನು ಬರೆಸಿದರೆ ಟ್ರೋಫಿ ಹೋಗುತ್ತದೆ, ಇಡೀ ತುಕಡಿಯ ಒಂದು ವರ್ಷದ ದುಡಿಮೆ ಮಣ್ಣಾಗುತ್ತದೆ, ಸ್ವಲ್ಪ ದಿನ ಸುಮ್ಮನಿರು ಅಂದ. ಹಗ್ಗ ಕಟ್ಟಿ ಲಾರಿ ಎತ್ತಿದರು, ತಗಡು ಬಡಿದು ಬಣ್ಣ ಹೊಡೆದರು. ಇಮಾಮ್ ಸಾಬ್ ನೋವಿನ ಗುಳಿಗೆ ನುಂಗಿ ಸ್ಟೀರಿಂಗ್ ಹಿಡಿದರು. ಸೇವೆ ಮುಗಿಸಿ ಹೊರಬರುವಾಗ ಡಾಕ್ಟರು, ಯಾವಾಗಲಾದರೂ ಪೆಟ್ಟಾಗಿತ್ತೇ ಎಂದು ಕೇಳಿದರೆ, ಈ ಪುಣ್ಯಾತ್ಮ ಇಲ್ಲ ಸಾಬ್ ಅಂದಿದ್ದಾರೆ! ಸ್ವಲ್ಪ ದಿನ ಅಂದದ್ದು ಮುಗಿಯಿತು ಎಂದು ಯಾರೂ ಅವರಿಗೆ ಹೇಳಿರಲಿಲ್ಲವಂತೆ.

ಅವತ್ತೇ ಸಂಜೆ ವಿದ್ಯಾನಗರಕ್ಕೆ ಹೋದೆ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಅದು ಆಕ್ಸಿಡೆಂಟ್ ಅಲ್ಲ ಕಸ್ತೂರಿ,” ಅಂದ ಅಣ್ಣ. “ಗಾಡಿ ಒಂದ್ಕಡೆ ವಾಲ್ತು, ಅಷ್ಟೆ.”

“ವಾಲಿದ ಗಾಡಿ ಕೆಳಗೆ ಮನುಷ್ಯ ಹೆಂಗೆ ಸಿಕ್ಕೊಂಡ?”

ಅಣ್ಣ ಪೇಪರ್ ಮಡಚಿದ. “ನೋಡು, ಆ ಟ್ರೋಫಿ ನನ್ನೊಬ್ಬಂದಲ್ಲ. ಅಷ್ಟೂ ಹುಡುಗ್ರದ್ದು. ಈಗ ನಾನು ಅದು ಸುಳ್ಳು ಅಂತ ಹೇಳಿದ್ರೆ ಅವ್ರೆಲ್ಲರ ಮುಖಕ್ಕೂ ಮಸಿ ಬಳಿದಂಗೆ ಆಗ್ತೈತೆ.”

“ಟ್ರೋಫಿ ಎಲ್ಲಾರ್ದು. ಬೆನ್ನು ಮಾತ್ರ ಅವ್ರೊಬ್ರದ್ದಾ?”

“ಫೌಜಿನ ವಿಷ್ಯ ಹೆಂಗಸ್ರಿಗೆ ಅರ್ಥ ಆಗಲ್ಲ, ಬಿಡು.”

ಹೆಂಗಸರಿಗೆ ಅರ್ಥವಾಗುವುದಿಲ್ಲವಂತೆ. ಫೌಜಿನವರು ಮನೆಗೆ ತಂದ ಬೆನ್ನಿಗೆ ಎಣ್ಣೆ ತಿಕ್ಕುವವರು ಯಾರು? ಎಬ್ಬಿಸಿ ಕೂರಿಸುವವರು, ಬಚ್ಚಲಿಗೆ ಕೈ ಹಿಡಿದು ನಡೆಸುವವರು ಯಾರು? ಸುಬೇದಾರ್ ಸಾಹೇಬರು ಬಂದು ತಿಕ್ಕುತ್ತಾರಾ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅಣ್ಣ ಟಿವಿಯ ಸದ್ದು ಜಾಸ್ತಿ ಮಾಡಿದ. ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ.

ನಾಗರ ಪಂಚಮಿಗೆ ಬರಲೇಬೇಕು ಎಂದು ಅಣ್ಣನ ಮಗಳು ಐಶ್ವರ್ಯ ಫೋನ್ ಮಾಡಿದಳು. ನಮ್ಮ ಕಡೆ ಪಂಚಮಿ ಎಂದರೆ ತವರಿನ ಹಬ್ಬ. ಮುದುಕಿಯಾದರೂ ಹೆಣ್ಣುಮಗಳು ತವರಿಗೆ ಹೋಗಿ, ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು ಬರಬೇಕು. ಬರುವುದಿಲ್ಲ ಅನ್ನಲು ಬಾಯಿ ತೆರೆದವಳು ಬರ್ತೀನಿ ಅಂದೆ. ಏನು ಮಾಡಬೇಕೆಂದು ಹೊಳೆದದ್ದು ಆಗಲೇ.

ಅಂಗಳದ ಬೇವಿನ ಕಟ್ಟೆಯ ಮೇಲೆ ಕಲ್ಲಿನ ನಾಗಪ್ಪ. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಅಣ್ಣ ಮಡಿಯ ಪಂಚೆ ಉಟ್ಟು, ವಿಭೂತಿ ಹಚ್ಚಿ, ನನ್ನನ್ನು ನೋಡಿಯೂ ನೋಡದ ಹಾಗೆ ಇದ್ದ. ಕೊಬ್ಬರಿ ಗಿಟುಕನ್ನು, ಅಂದರೆ ಒಣಕೊಬ್ಬರಿಯ ಅರ್ಧ ಬಟ್ಟಲನ್ನು, ಹಾಲಿನಲ್ಲಿ ಅದ್ದಿ ಒಬ್ಬೊಬ್ಬರ ಹೆಸರಿನಲ್ಲಿ ನಾಗಪ್ಪನ ಮೇಲೆ ಎರೆಯುವುದು ನಮ್ಮ ಪದ್ಧತಿ. ದೊಡ್ಡ ಹೆಣ್ಣುಮಗಳು ನಾನೇ, ಆದ್ದರಿಂದ ನಾನೇ ಮೊದಲು.

“ದೇವ್ರ ಪಾಲು,” ಅಂದೆ, ಎರೆದೆ. “ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು.”

ಮುಂದಿನದು ಅಣ್ಣನ ಪಾಲು. ಮಾತು ಬಂದಾಗಿನಿಂದ ಈ ಹೆಸರನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಅವನು ಗಡಿಯಲ್ಲಿದ್ದ ವರ್ಷಗಳಲ್ಲಿ, ಎಲ್ಲಿದ್ದರೂ ತಣ್ಣಗಿರಲಿ ಎಂದು ಒಂದರ ಬದಲು ಎರಡು ಗಿಟುಕು ಎರೆದಿದ್ದೇನೆ. ಗಿಟುಕು ತುಂಬಿಕೊಂಡು ಅವನ ಮುಖವನ್ನೇ ನೋಡಿದೆ.

“ಹರಿಹರದ ಇಮಾಮ್ ಸಾಬ್ರ ಪಾಲು,” ಅಂದೆ.

ಹಾಲು ನಾಗಪ್ಪನ ಹೆಡೆಯಿಂದ ಇಳಿದು ಕಟ್ಟೆಯ ಮೇಲೆ ಹರಿಯಿತು. ನಾನು ಗಿಟುಕನ್ನು ಕೆಳಗಿಟ್ಟು ಹಿಂದೆ ಸರಿದು ನಿಂತೆ.

“ಅತ್ತೆ, ಅಪ್ಪಂದು?” ಐಶ್ವರ್ಯ ಪಿಸುಗುಟ್ಟಿದಳು.

“ನಿಮ್ಮಪ್ಪಂಗೆ ಟ್ರೋಫಿ ಐತಲ್ಲ, ಹಾಲು ಯಾಕ?”

ಹಬ್ಬದ ದಿನ ಹಾಗೆ ಅನ್ನಬಾರದಿತ್ತು ಎನ್ನುವವರು ಅನ್ನಲಿ. ನನಗೆ ಒಂದಿಷ್ಟೂ ಬೇಸರವಿಲ್ಲ. ಆ ಮನೆಯಲ್ಲಿ ಒಂದು ಎಳ್ಳುಂಡಿಯನ್ನೂ ಬಾಯಿಗೆ ಹಾಕದೆ ಬಸ್ಸು ಹತ್ತಿ ಮನೆಗೆ ಬಂದು, ಮಜ್ಜಿಗೆ ಅನ್ನ ಕಲಸಿಕೊಂಡು ಉಂಡೆ. ಉಣ್ಣುವಾಗ ಮಾತ್ರ ಅಳು ಬಂತು. ಸಿಟ್ಟಿಗೇ ಬಂದದ್ದು.

ಮೂರನೆಯ ದಿನ ಬೆಳಗ್ಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕ್ಷೌರ ಮಾಡಿಕೊಂಡಿರಲಿಲ್ಲ. ನನಗೆ ನೆನಪಿರುವ ಮಟ್ಟಿಗೆ ಅವನ ಕೆನ್ನೆಯ ಮೇಲೆ ಬಿಳಿ ಗಡ್ಡ ಕಂಡದ್ದು ಅದೇ ಮೊದಲು.

“ಹರಿಹರಕ್ಕೆ ಹೋಗಾನ, ನಡಿ,” ಅಂದ.

ಅಂಗಡಿಯಲ್ಲಿ ಇಮಾಮ್ ಸಾಬ್ ಬಗ್ಗಿ ರೆಕ್ಸಿನ್ ಮೇಲೆ ಗೆರೆ ಎಳೆಯುತ್ತಿದ್ದರು. ತಲೆ ಎತ್ತಿ ಅಣ್ಣನನ್ನು ಕಂಡವರೇ ಸೀಮೆಸುಣ್ಣ ಬಿಸಾಕಿ ಹಿಮ್ಮಡಿ ಜೋಡಿಸಿ ಸೆಟೆದು ನಿಂತರು. ಸೆಲ್ಯೂಟ್ ಹೊಡೆದರು. ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ಕೆಳಗಿತ್ತು.

“ಜೈ ಹಿಂದ್ ಸಾಬ್!”

“ಹೆಂಗಿದ್ದೀಯಪ್ಪ ಇಮಾಮ್?”

“ಥೀಕ್ ಹೈ ಸಾಬ್.”

ರಹೀಮುನ್ನೀಸಾಳ ಮಷೀನು ನಿಂತಿತು. ನಾನು ಹಲ್ಲು ಕಚ್ಚಿದೆ.

“ನಾನು ದಾವಣಗೆರೆ ಕೋರ್ಟ್ ಹತ್ರ ನೋಟರಿ ಮುಂದೆ ಪ್ರಮಾಣ ಮಾಡಿ ಹೇಳ್ತೀನಿ,” ಅಂದ ಅಣ್ಣ. “ಆವತ್ತಿಂದು ಎಲ್ಲಾನೂ.”

“ಬ್ಯಾಡ ಸಾಬ್,” ಅಂದರು ಇಮಾಮ್ ಸಾಬ್. “ನಿಮ್ಮ ಹೆಸ್ರು ಕೆಡೋದು ಬ್ಯಾಡ. ನಂದೇನೈತಿ, ನಡೀತೈತೆ. ಅಕ್ಕಾರು ಸುಮ್ನೆ ನಿಮಗೆ ತೊಂದ್ರೆ ಕೊಟ್ಟಾರೆ.”

ಅಣ್ಣ ನನ್ನ ಕಡೆ ತಿರುಗಿದ. ನೋಡು, ಅವನೇ ಬೇಡ ಅಂತಾನಲ್ಲ ಎಂಬ ಆಸೆ ಒಂದು ಗಳಿಗೆ ಅವನ ಕಣ್ಣಿನಲ್ಲಿ ಕಂಡಿತು. ಕಂಡದ್ದನ್ನು ಕಂಡೆ ಎಂದೇ ಹೇಳುತ್ತೇನೆ. ಅಲ್ಲಿದ್ದ ಕತ್ತರಿಯನ್ನು ಎತ್ತಿ ಇಬ್ಬರ ಮೇಲೂ ಎಸೆಯುವಷ್ಟು ಸಿಟ್ಟು ಬಂತು. ಕೇಳದವನೊಬ್ಬ, ಹೇಳದವನೊಬ್ಬ. ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತ, ನಡುವೆ ಆ ಹೆಣ್ಣುಮಗಳು ಇಬ್ಬರ ಕೆಲಸ ಮಾಡುತ್ತ ಬೆನ್ನು ಬಾಗಿಸಿ ಕೂತಿದ್ದಾಳೆ!

“ಅಣ್ಣ,” ಅಂದೆ, ರಸ್ತೆಗೆ ಕೇಳುವ ಹಾಗೆ. “ಸುಮ್ನಿರು ಅಂತ ಇವ್ರಿಗೆ ಆರ್ಡರ್ ಕೊಟ್ಟಿದ್ದು ನೀನು. ಇವ್ರು ಇವತ್ತಿಗೂ ಅದ್ರ ಮೇಲೇ ನಿಂತಾರೆ. ಕೊಟ್ಟ ಬಾಯಿಂದ್ಲೇ ಅದನ್ನ ವಾಪಸ್ ತಗೋ.”

ಅಣ್ಣ ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ ಅವನೂ ನೆಟ್ಟಗೆ ನಿಂತ. ನಾನು ಚಿಕ್ಕಂದಿನಲ್ಲಿ ಹೆದರುತ್ತಿದ್ದ ಆ ದನಿ ಹೊರಗೆ ಬಂತು.

“ಇಮಾಮ್! ಗಾಡಿ ರಿಪೋರ್ಟ್ ಕೊಡು.”

ಇಮಾಮ್ ಸಾಬ್ ಹಿಂದಿಯಲ್ಲಿ ಶುರುಮಾಡಿದರು. ಯಾವ ದಾರಿ, ಯಾವ ತಿರುವು, ಎಷ್ಟು ಹಿಮ. ಅರ್ಧದಲ್ಲಿ ಮಾತು ತಾನಾಗಿಯೇ ಕನ್ನಡಕ್ಕೆ ಬಂತು.

“ಬ್ರೇಕ್ ಹಿಡೀಲಿಲ್ಲ ಸಾಬ್. ಗಾಡಿ ಪಲ್ಟಿ ಆತು. ನಾನು ಒಳಗಿದ್ದೆ.”

“ಡ್ರೈವರ್ ಹೆಂಗದಾನೆ?”

ಇಮಾಮ್ ಸಾಬ್ ರಸ್ತೆಯ ಕಡೆ ನೋಡಿದರು. ಹೊರಗೆ ಕಂಡಕ್ಟರೊಬ್ಬ ದಾವಣಗೆರೆ, ದಾವಣಗೆರೆ ಎಂದು ಕೂಗುತ್ತಿದ್ದ. ಸೀಟ್ ಕವರಿಗೆ ಕೊಟ್ಟಿದ್ದ ಆಟೋದವನು ಬಾಗಿಲಿಗೆ ಬಂದು, ಒಳಗೆ ನೋಡಿ, ಸದ್ದಿಲ್ಲದೆ ಹಿಂದೆ ಸರಿದ.

“ಕೇಳ್ತಿರೋದು ನಾನು, ಇಮಾಮ್. ಡ್ರೈವರ್ ಹೆಂಗದಾನೆ?”

“ಡ್ರೈವರ್ ಥೀಕ್ ಇಲ್ಲ ಸಾಬ್,” ಅಂದರು ಇಮಾಮ್ ಸಾಬ್. “ಭಾಳ ನೋವೈತೆ. ಆವತ್ತಿಂದ ಐತೆ.”

ಹೇಳಿದ ಮೇಲೆ ಅವರು ಸೆಟೆದ ಮೈಯನ್ನು ಸಡಿಲಬಿಟ್ಟು ಟೇಬಲ್ಲಿಗೆ ಎರಡೂ ಕೈ ಊರಿದರು. ರಹೀಮುನ್ನೀಸಾ ಮುಖ ಮುಚ್ಚಿಕೊಂಡಳು. ನನ್ನಣ್ಣ ಅಳತೊಡಗಿದ. ಆಗ ಇಮಾಮ್ ಸಾಬ್ ಟೇಬಲ್ಲು ಹಿಡಿದುಕೊಂಡೇ ಕುಂಟುತ್ತ ಬಂದು, ಅಳಬ್ಯಾಡ್ರಿ ಸಾಬ್ ಎಂದು ಅವನ ಬೆನ್ನು ಸವರಿದರು! ಬೆನ್ನು ಮುರಿದುಕೊಂಡವರು, ಅದನ್ನು ಮುಚ್ಚಿಡಿಸಿದವನ ಬೆನ್ನು ಸವರುವುದು. ನನಗೆ ಅದನ್ನು ನೋಡಿಯೂ ಸಿಟ್ಟೇ ಬಂತು.

“ಅತ್ತಿದ್ದು ಸಾಕು, ನಡೀರಿ,” ಅಂದೆ. “ನೋಟರಿ ಊಟಕ್ಕೆ ಎದ್ದು ಹೋದ್ರೆ ಮತ್ತೆ ಸಂಜೇನೇ ಸಿಗೋದು. ಅಷ್ಟರಾಗೆ ನೀವಿಬ್ರೂ ಮನಸ್ಸು ಬದ್ಲಾಯಿಸ್ತೀರಿ.”

ರಹೀಮುನ್ನೀಸಾ ಶಟರ್ ಎಳೆದಳು. ನಾಲ್ವರೂ ದಾವಣಗೆರೆಯ ಬಸ್ಸು ಹತ್ತಿದೆವು. ಆಧಾರ್ ತೋರಿಸಿ ನಾವಿಬ್ಬರು ಹೆಂಗಸರು ಫ್ರೀ ಟಿಕೆಟ್ ತಗೊಂಡೆವು. ಇಮಾಮ್ ಸಾಬ್ ಎಂದಿನಂತೆ ಕಂಬಿ ಹಿಡಿದು ನಿಂತರು. ಕಾಲೇಜಿನ ಹುಡುಗಿಯೊಬ್ಬಳು ಎದ್ದು ಅಣ್ಣನಿಗೆ ಸೀಟು ಬಿಟ್ಟುಕೊಟ್ಟಳು.

“ಕೂಡ್ರಿ ಸಾಬ್,” ಅಂದರು ಇಮಾಮ್ ಸಾಬ್.

ಅಣ್ಣ ಕೂರಲಿಲ್ಲ. ರೋಡ್ ಹಂಪಿನಲ್ಲಿ ಬಸ್ಸು ಎತ್ತಿ ಹಾಕಿದಾಗ ಇಮಾಮ್ ಸಾಬ್ ಕಣ್ಣು ಮುಚ್ಚಿದರು. ಅಣ್ಣ ಪಕ್ಕಕ್ಕೆ ಸರಿದು, ಆ ಫೋಟೋದಲ್ಲಿ ನಿಂತವರ ಹಾಗೆಯೇ, ಅವರ ಭುಜಕ್ಕೆ ಭುಜ ಒತ್ತಿ ನಿಂತುಕೊಂಡ. ಅವನಿಗೂ ಮೊಣಕಾಲು ನೋವಿದೆ, ನನಗೆ ಗೊತ್ತು. ನಿಲ್ಲಲಿ.

ಹಾಗೆ ಅವರಿಬ್ಬರೂ ದಾವಣಗೆರೆಯವರೆಗೆ ನಿಂತೇ ಬಂದರು. ಖಾಲಿಯಾದ ಆ ಸೀಟಿನಲ್ಲಿ ರಹೀಮುನ್ನೀಸಾಳನ್ನು ಕೂರಿಸಿ, ಪಕ್ಕದಲ್ಲಿ ಒತ್ತಿಕೊಂಡು ನಾನೂ ಕೂತೆ. ನಾವ್ಯಾಕೆ ನಿಲ್ಲಬೇಕು?